ಕನ್ನಡಕ ಬಿಟ್ಟ ಅಜ್ಜಿಗೆ

ಬಸವೇಶ್ವರನಗರ

ಪ್ರೀತಿಯ ಅಜ್ಜಿ,

ನಾನು ಪಾಸಾದೆ! ಆಪ್ಟೋಮೆಟ್ರಿ, ಅಂದರೆ ಕಣ್ಣು ತಪಾಸಣೆ ಕೋರ್ಸಿನ ಬಾಯಿಮಾತಿನ ಪರೀಕ್ಷೆಯಲ್ಲಿ ಮೇಡಂ ಕೇಳಿದರು: "ವಯಸ್ಸಾದವ್ರು ಇದ್ದಕ್ಕಿದ್ದಂಗೆ ಕನ್ನಡಕ ಇಲ್ದೇ ಓದೋಕೆ ಶುರು ಮಾಡಿದ್ರೆ ಏನ್ ಕಾರಣ?"

ನೀನೇ ಕಣ್ಮುಂದೆ ಬಂದೆ. "ಮಾರಮ್ಮ ಕಣ್ಣು ವಾಪಸ್ ಕೊಟ್ಲು ಕಣೇ" ಅಂತ ನಿಮ್ಮೂರು ಉಲ್ಲಾಳದವರಿಗೆಲ್ಲ ಸೂಜಿಗೆ ದಾರ ಪೋಣಿಸಿ ತೋರಿಸಿದವಳಲ್ಲವೇ ನೀನು!

ಪೊರೆ ಶುರುವಾದಾಗ ಕಣ್ಣಿನ ಮಸೂರ ಗಟ್ಟಿಯಾಗಿ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕಾಗುತ್ತದೆ ಎಂದೆ. ಪೂರ್ತಿ ಅಂಕ ಬಂತು.

ಮಾರಮ್ಮನ ಮೇಲೆ ಮುನಿಸಿಕೊಳ್ಳಬೇಡ. ಪೊರೆ ತೆಗೆಸಿದರೆ ದೂರದ್ದೂ ಕಾಣುತ್ತದೆ. ಸೋಮವಾರ ನಮ್ಮ ಕಾಲೇಜಿನ ಆಸ್ಪತ್ರೆಗೆ ಹೋಗೋಣ. ಈ ಪತ್ರವನ್ನೇನೋ ಕನ್ನಡಕವಿಲ್ಲದೆ ಓದಿಬಿಡುತ್ತೀಯ, ಬಸ್ಸಿನ ಬೋರ್ಡು ಓದಲಾರೆ. ಅದಕ್ಕೆ ನಾನೇ ಕರೆದುಕೊಂಡು ಹೋಗಲು ಬರುತ್ತೇನೆ.

ಸೂಜಿ, ದಾರ ಮರೆಯಬೇಡ. ನಿನ್ನ ಕಥೆ ಕೇಳಿದ ಮೇಡಂ ಕೂಡ ನೋಡಬೇಕಂತೆ.

ನಿನ್ನ ಮೊಮ್ಮಗಳು,
ಸ್ಪಂದನ