ಗುಜರಿ ಅಂಗಳದ ಜೇನುಪೆಟ್ಟಿಗೆ

ಮಾರ್ಚ್ 21
ಬೆಳಿಗ್ಗೆ ತಾಮ್ರದ ತಂತಿ ತೂಗಿ ಇಳಿಸಿದೆ. ಮಧ್ಯಾಹ್ನ ಪುರಸಭೆಯವರು ನನ್ನ ಗುಜರಿ ಅಂಗಳದ ಬೇಲಿ ಪಕ್ಕ ಎರಡು ಜೇನುಪೆಟ್ಟಿಗೆ ಇಟ್ಟು ಹೋದರು. ಶಿಶುವಿಹಾರದ ತಾಯಂದಿರ ದೂರು — ನನ್ನ ಕುಲುಮೆಯ ಹೊಗೆಯಲ್ಲಿ ಸೀಸವಿದೆಯಂತೆ. ಗಾಳಿಯಲ್ಲಿರುವುದು ಜೇನುನೊಣದ ಮೈಗಂಟುತ್ತದೆ. ಸತ್ತ ನೊಣ ವಾರವಾರ ಲ್ಯಾಬಿಗೆ. ಸೀಸ ಸಿಕ್ಕರೆ ಗೇಟಿಗೆ ಬೀಗ.

ನೊಣ ನೋಡಿಕೊಳ್ಳುವವರು ಸ್ವಾಂತ್ಯೆ ಟೀಚರ್. ಕೆಮಿಸ್ಟ್ರಿಯಲ್ಲಿ ನನ್ನನ್ನು ಎರಡು ಸಲ ಫೇಲ್ ಮಾಡಿದವರು. ಇಂದಿಗೂ ಹೆಸರು ಹಿಡಿದೇ ಕರೆಯುತ್ತಾರೆ: "ಹಬ್ಬೊ, ಇವು ನಿನ್ನ ಮಾತಿಗೆ ಮರುಳಾಗಲ್ಲ ಕಣೋ."

ಮಾರ್ಚ್ 30
ಬಿಸಿಲು. ನೊಣ ನೋಡುತ್ತ ಕೂತು ಕೆಲಸ ಕೆಟ್ಟಿತು. ಮೂರು ಕಿಲೋಮೀಟರ್ ಸುತ್ತ ಪ್ರತಿ ಹೂವಿನ ತಪಾಸಣೆ. ಭತ್ಯೆ ಇಲ್ಲ, ಲಂಚ ಇಲ್ಲ... ಇಂಥ ಇನ್‌ಸ್ಪೆಕ್ಟರುಗಳನ್ನು ಕಂಡಿರಲಿಲ್ಲ. ಟೀಚರ್ ಚಹಾಕ್ಕೆ ಬಂದರು. ನಮ್ಮೂರ ನೇಮದಂತೆ ಮೂರು ಕಪ್; ಅದಕ್ಕೆ ಮೊದಲೇ ಎದ್ದರೆ ಮನೆಯವನಿಗೆ ಅವಮಾನ.

ಏಪ್ರಿಲ್ 9, ಈಸ್ಟರ್
ನಿನ್ನೆ ಶಿಶುವಿಹಾರದ ಪಕ್ಕದ ಬಯಲಲ್ಲಿ ಊರ ಹಬ್ಬದ ಬೆಂಕಿ. ಸೌದೆ ರಾಶಿಯ ತುದಿಗೆ ನನ್ನ ಕಾಣಿಕೆ — ಹಳೇ ಮೀನುದೋಣಿ, ಕೆಂಪು ಬಣ್ಣದ್ದು. ಏನು ಉರಿಯಿತು! ದೂರು ಕೊಟ್ಟ ತಾಯಂದಿರೂ ಚಪ್ಪಾಳೆ ತಟ್ಟಿದರು.

ಮೇ 4
ವರದಿ ಹಿಡಿದು ಟೀಚರ್ ಚಹಾಕ್ಕೆ ಬಂದರು. ಉಳಿದೆಲ್ಲ ವಾರವೂ ಚೊಕ್ಕ. ಈಸ್ಟರ್ ವಾರ ಮಾತ್ರ ಸೀಸ, ಮಿತಿಯ ನಾಲ್ಕು ಪಟ್ಟು.

"ಆ ವಾರ ಕುಲುಮೆ?"

ರಜೆ, ತಣ್ಣಗಿತ್ತು ಎಂದೆ.

"ದೋಣಿಗೆ ಯಾವ ಬಣ್ಣ ಬಳಿದಿದ್ರು?"

ಹಳೇ ದೋಣಿಗೆ ಬೇರೆ ಯಾವುದು? ಸೀಸದ ಕೆಂಪು. ಗುಜರಿಯವನಿಗೆ ಗೊತ್ತಿರಬೇಕಿತ್ತು. ಅವರ ಕಪ್ಪಿಗೆ ಚಹಾ ಬಗ್ಗಿಸಿದೆ.

"ಎಲ್ಲಿಂದ ಬಂತು ಅಂತ ನೊಣ ಹೇಳಲ್ಲ, ಹಬ್ಬೊ. ಬೂದಿ ಇನ್ನೂ ಅಲ್ಲೇ ಬಿದ್ದಿದೆ. ಮಕ್ಕಳು ಆಡ್ತಾವೆ."

ಒಂದೇ ಕಪ್ ಕುಡಿದು ಎದ್ದರು.

ಮೇ 5
ಬಾಯಿ ಬಿಟ್ಟರೆ ಗೇಟಿಗೆ ಬೀಗ ಬಿದ್ದಂತೆಯೇ. ಸುಮ್ಮನಿದ್ದರೆ, ಕುಲುಮೆ ತಣ್ಣಗಿದ್ದ ವಾರವೆಂದು ಯಾರೂ ನನ್ನನ್ನು ಕೇಳುವುದಿಲ್ಲ. ಸಂಜೆತನಕ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಮೈಗಂಟಿದ್ದನ್ನೆಲ್ಲ ಹೊತ್ತುಕೊಂಡೇ ಮನೆಗೆ ಬರುತ್ತವೆ. ದಾರಿಯಲ್ಲಿ ಕೊಡವಿ ಬಂದ ಒಂದನ್ನೂ ಕಾಣೆ.

ಮೇ 6
ಬೆಳಿಗ್ಗೆ ಲಾರಿ, ಸಲಿಕೆ, ಮುಚ್ಚಳದ ಡ್ರಮ್ಮು, ಮಾಸ್ಕು. ಬಯಲಲ್ಲಿ ಬೂದಿ ನೆನೆಸಿ ತುಂಬುತ್ತಿದ್ದೆ. ದೂರಿಗೆ ಮೊದಲ ಸಹಿ ಹಾಕಿದ ತಾಯಿ ಇಮ್ಕೆ ಶಿಶುವಿಹಾರದ ಬೇಲಿಯಾಚೆ, ಮಗು ಸೊಂಟದಲ್ಲಿ.

"ಏನ್ ಹಬ್ಬೊ, ಬೂದೀನೂ ಗುಜರಿಗೆ ಹಾಕ್ಕೊಳ್ತೀಯಾ?"

"ಇದು ನಂದೇ. ಮಗೂನ ದೂರ ಕರ್ಕೊಂಡ್ಹೋಗು, ಆಮೇಲೆ ಹೇಳ್ತೀನಿ."

ಹೇಳಿದೆ. ದೋಣಿ, ಬಣ್ಣ, ಎಲ್ಲ. ಕೇಳಿ ಹೊರಟುಹೋದಳು.

ಮಧ್ಯಾಹ್ನ 3
ನೊಣಗಳು ಎಂದಿನಂತೆ ಡ್ಯೂಟಿಯಲ್ಲಿವೆ. ಗೇಟಿನಲ್ಲಿ ಪುರಸಭೆಯ ಕಾರು. ಹಿಂದೆ ಇಮ್ಕೆ. ಕೈಯಲ್ಲಿ ಏನೋ ಇದೆ, ಇಲ್ಲಿಂದ ಕಾಣುತ್ತಿಲ್ಲ. ನೀರು ಕಾಯಲಿಟ್ಟಿದ್ದೇನೆ. ಬೀಗ ತಂದವರಾದರೂ ಮೂರು ಕಪ್ ಆಗದೆ ಏಳುವಂತಿಲ್ಲ.