ಕೊರಳ ಗುಂಡಿ, ಕೆಳಮನೆಯ ಗಂಟೆ

ಮಹಡಿ ಮನೆ,
ಹನ್ನೆರಡನೇ ತಾರೀಖು, ಭಾನುವಾರ

ಪ್ರೀತಿಯ ಮೆಣಸಿನಕಾಯೀ,

ಹೇಗಿದ್ದೀಯೆ ಮಗಳೇ? ಕೆಮ್ಮು ನಿಂತಿತೇ? ಹೋದ ಸಲ ಜಾಲರಿಯ ಆಚೆ ನಿಂತು ನೀನು ಕೆಮ್ಮಿದ್ದು ಇನ್ನೂ ನನ್ನ ಎದೆಯಲ್ಲೇ ಕೂತಿದೆ. ಹೊದಿಕೆ ತೆಳ್ಳಗಿದ್ದರೆ ಜಗಳ ಆಡಿ ಇನ್ನೊಂದು ಇಸಿದುಕೋ. ಕೇಳದೆ ಕೊಡುವ ಜನ ಅಲ್ಲ ಅವರು. ಈ ಕಾಗದವನ್ನು ನಿನಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಸಾಹೇಬರೇ, ಕನ್ನಡಕ ಹಾಕಿಕೊಂಡೇ ಓದಿ, ಮುದುಕಿಯ ಅಕ್ಷರ ಕೋಳಿ ಕೆದರಿದ ಹಾಗಿದೆ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮುಷ್ಕರ ಹೂಡಿದೆ. ಅದರ ಬೇಡಿಕೆ ಏನೆಂದು ಇನ್ನೂ ಹೇಳಿಲ್ಲ.

ನೀನು ಅವತ್ತು ಆಡಿದ ಮಾತು ತಲೆಯೊಳಗೆ ಕೊರೆಯುತ್ತಲೇ ಇದೆ. “ಅಮ್ಮಾ, ತಪ್ಪಾಯ್ತು ಅಂತ ಒಂದು ಸಹಿ ಹಾಕಿದ್ರೆ ನಾಳೆನೇ ಬಿಡ್ತಾರಂತೆ. ನೀನೊಬ್ಳೇ ಅಲ್ಲಿ ಬಿದ್ದುಗಿದ್ದು ಹೋದ್ರೆ ಯಾರಿದಾರೆ? ನಂಗೆ ನಿದ್ದೆನೇ ಬರಲ್ಲ. ಹಾಕ್ಬಿಡ್ತೀನಿ,” ಅಂದೆ. ಯಾವ ತಪ್ಪು? ರಕ್ತದ ಬಟ್ಟೆ, ಮುರಿದ ಸೂಜಿ ಎಲ್ಲವನ್ನೂ ಬರಿಗೈಯಲ್ಲಿ ಬಾಚುವ ಆಸ್ಪತ್ರೆಯ ಹೆಂಗಸರಿಗೆ ಕೈಗವಸು ಕೊಡಿ ಎಂದು ಗೇಟಿನ ಮುಂದೆ ಕೂತದ್ದೇ? ತಪ್ಪಾಯ್ತು ಅನ್ನಬೇಕಾದವರು ಒಳಗೆ ಮೆತ್ತನೆ ಕುರ್ಚಿಯಲ್ಲಿ ಕೂತಿದ್ದಾರೆ. ಆದರೆ ನಿನ್ನ ಭಯ ಸುಳ್ಳಲ್ಲ, ನನ್ನ ವಯಸ್ಸೂ ಸುಳ್ಳಲ್ಲ. ಅದಕ್ಕೇ ಹೇಳಿ ಬಂದೆ: “ಬಿದ್ರೆ ಒತ್ತೋ ಗುಂಡಿ ಬಂದಿದೆಯಂತಲ್ಲ, ಒಂದು ತಗೋತೀನಿ. ನನ್ನ ಕಾಗದ ಬರೋವರೆಗೂ ನೀನು ಪೆನ್ನು ಮುಟ್ಟಬೇಡ.” ಇದು ಆ ಕಾಗದ. ಇದನ್ನು ಓದಿಯೇ ನೀನು ತೀರ್ಮಾನ ಮಾಡಬೇಕು.

ಮಾರುವವನು ಟೈ ಕಟ್ಟಿಕೊಂಡು ಮನೆಗೇ ಬಂದ. ಮೊದಲು ಒಂದು ಕೈಗಡಿಯಾರ ಕಟ್ಟಿದ. ಗುಂಡಿಯನ್ನೂ ಒತ್ತಬೇಕಿಲ್ಲವಂತೆ, ಬಿದ್ದರೆ ಅದಕ್ಕೇ ಗೊತ್ತಾಗುತ್ತದಂತೆ. ಅವನು ಹೇಳುತ್ತಲೇ ಇದ್ದ, ನಾನು ಏನನ್ನೋ ವಾದಿಸುತ್ತ ಅಭ್ಯಾಸಬಲದಿಂದ ಮೇಜಿಗೆ ಮುಷ್ಟಿ ಗುದ್ದಿದೆ. ಗಡಿಯಾರ ಕಿರುಚಿಕೊಂಡಿತು. ಅದರೊಳಗಿಂದ ಕಂಪನಿಯ ಫೋನಿನ ಹುಡುಗಿಯೊಬ್ಬಳ ದನಿ: “ಅಜ್ಜೀ, ಬಿದ್ರಾ?” “ಇಲ್ಲಮ್ಮಾ, ಮಾತಾಡ್ತಿದ್ದೆ,” ಅಂದೆ. ಸಿಕ್ಕಳಲ್ಲ ಎಂದು, ಕೆಲಸದಲ್ಲಿ ಎಷ್ಟು ಹೊತ್ತು ಒಂದೇ ಕಡೆ ಕೂರಿಸುತ್ತಾರೆ, ನೀರು ಕುಡಿಯಲಾದರೂ ಏಳಲು ಬಿಡುತ್ತಾರೆಯೇ ಎಂದು ವಿಚಾರಿಸಿದೆ. ಆ ಮಗು ದನಿ ತಗ್ಗಿಸಿ ಏನೋ ಹೇಳಲು ಹೊರಟಿತ್ತು, ಅಷ್ಟರಲ್ಲಿ ಇವನು ಗಡಿಯಾರ ಕಿತ್ತುಕೊಂಡ. ನಮ್ಮಂಥವರ ಕೈಗೆ ಅದನ್ನು ಕಟ್ಟಿದರೆ ಒಂದು ಭಾಷಣ ಮುಗಿಯುವುದರೊಳಗೆ ಹತ್ತು ಸಲ ಬಿದ್ದಿರುತ್ತೇವೆ.

ಇನ್ನೊಂದು, ನಾನು ಎಲ್ಲಿ ಹೋದರೂ ಆ ಜಾಗ ತೋರಿಸುವಂಥದ್ದು. ದಾರಿ ಮರೆಯುವವರಿಗೆ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ನನ್ನ ಹಿಂದೆ ಬಿದ್ದು ಪೊಲೀಸರು ಜೀವಮಾನವಿಡೀ ಪುಕ್ಕಟೆ ಮಾಡಿದ ಕೆಲಸಕ್ಕೆ ನಾನೀಗ ಬಾಡಿಗೆ ಕೊಡಬೇಕೇ? ಮನೆ ಬಿಟ್ಟರೆ ನಾನು ಹೋಗುವುದು ನಿನ್ನ ಜೈಲಿಗೆ. ಅಲ್ಲಿಗೆ ದಾರಿ ಮರೆಯುವುದಿಲ್ಲ. ಕೊನೆಗೆ ಅವನು ಕೇಳಿದ: “ಒತ್ತಿದ ತಕ್ಷಣ ಮೊದಲು ಯಾರಿಗೆ ಫೋನ್ ಹೋಗ್ಬೇಕಮ್ಮಾ?” ಯೋಚಿಸುವ ಮೊದಲೇ ನಿನ್ನ ನಂಬರು ಬಾಯಿಗೆ ಬಂತು. ಆ ಫೋನು ಜೈಲಿನ ಕಪಾಟಿನಲ್ಲಿ ಚೀಟಿ ಅಂಟಿಸಿಕೊಂಡು ಸತ್ತು ಮಲಗಿದೆ ಎಂದು ಗೊತ್ತು. ಗೊತ್ತಿದ್ದೂ ಒಮ್ಮೊಮ್ಮೆ ಒತ್ತುತ್ತೇನೆ. ಸ್ವಿಚ್ ಆಫ್ ಆಗಿದೆ ಎಂದು ಹೇಳುವ ಆ ಹೆಂಗಸಿನ ಪರಿಚಯ ಈಗ ಚೆನ್ನಾಗಿ ಆಗಿದೆ. ಟೈಯವನ ಮುಂದೆ ಅರ್ಧ ನಂಬರಿಗೇ ನಿಲ್ಲಿಸಿದೆ. ಕೆಮ್ಮು ಅಂದೆ.

ಅವನನ್ನು ಕಳಿಸಿ ನಾನೇ ಪೇಟೆಗೆ ಹೋಗಿ ಆರಿಸಿದ್ದು ಸಾದಾ ಸಾಮಾನು. ಕೊರಳಲ್ಲಿ ಗುಂಡಿ, ಕೆಳಮನೆಯ ಗೋಡೆಗೆ ಗಂಟೆ. ನೀನು ಕತ್ತರಿ ಅಕ್ಕ ಅನ್ನುತ್ತೀಯಲ್ಲ, ಆ ದರ್ಜಿಯ ಹೆಂಡತಿ, ಅವಳ ಹೊಲಿಗೆ ಯಂತ್ರದ ನೆತ್ತಿಯ ಮೇಲೇ ಸಿಕ್ಕಿಸಿದೆ. ಗುಂಡಿ ನೀರಿಗೆ ಹಾಳಾಗುವುದಿಲ್ಲ, ಸ್ನಾನಕ್ಕೂ ಬಿಚ್ಚಬೇಕಿಲ್ಲ. ಯಂತ್ರ ಬಂದು ಯಾರನ್ನೂ ಎತ್ತುವುದಿಲ್ಲ ಮಗಳೇ, ಎತ್ತುವುದು ಮನುಷ್ಯರ ಕೈ. ಬಚ್ಚಲಿನಿಂದ, ಅಡುಗೆಮನೆಯಿಂದ, ಮೆಟ್ಟಿಲಿನಿಂದ ಒತ್ತಿ ನೋಡಿದೆವು. ಮೊದಲ ಸಲವೇ ಎಡವಟ್ಟು. ಅಕ್ಕ ಓಡಿ ಬಂದಳು, ನಾನು ಒಳಗಿನಿಂದ ಚಿಲಕ ಹಾಕಿದ್ದೆ! ಬಾಗಿಲು ಬಡಿಯುತ್ತ, “ಅಮ್ಮಾ, ಸಾಯೋರು ಚಿಲಕ ಹಾಕ್ಕೊಂಡು ಸಾಯ್ತಾರೇನ್ರೀ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಅವತ್ತಿನಿಂದ ಚಿಲಕ ಹಾಕುತ್ತಿಲ್ಲ. ಹೊರಗೆ ಹೋಗುವಾಗ ಬೀಗ, ಅದರ ಇನ್ನೊಂದು ಕೀಲಿ ಅವಳ ಸೊಂಟದಲ್ಲಿ.

ಕೊರಳಲ್ಲಿ ಅದು ತೂಗುವಾಗ ಗಿರಣಿ ನೆನಪಾಗುತ್ತದೆ. ನೂಲಿನ ಯಂತ್ರಗಳ ಸಾಲಿನುದ್ದಕ್ಕೂ ಒಂದು ಕೆಂಪು ಹಗ್ಗ ಇತ್ತು, ಎಳೆದರೆ ಎಲ್ಲ ನಿಲ್ಲುತ್ತಿತ್ತು. ಸುಮ್ಮನೆ ಎಳೆದೆ ಅನ್ನಿಸಿದರೆ ಮಾಲೀಕ ಕೂಲಿ ಮುರಿಯುತ್ತಿದ್ದ. ಅದಕ್ಕೇ ನಾವು ಹೆಂಗಸರು ಹಗ್ಗಕ್ಕೆ ಕೈ ಹಾಕುವ ಮೊದಲು ರಕ್ತ ಬಂದಿದೆಯೇ ಎಂದು ನೋಡಿಕೊಳ್ಳುತ್ತಿದ್ದೆವು. ರಕ್ತ ಇಲ್ಲವೋ, ಹಲ್ಲು ಕಚ್ಚಿ ದುಡಿ. ನೀನು ಹೊಟ್ಟೆಯಲ್ಲಿದ್ದಾಗಲೂ ಹಾಗೇ ನಿಂತಿದ್ದೆ.

ಮನೆ ಖಾಲಿ ಹೊಡೆಯುತ್ತದೆ. ನಿನ್ನ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಇನ್ನೂ ತೆಗೆದಿಲ್ಲ. ತಟ್ಟೆ ಎರಡು ಇಡುತ್ತೇನೆ, ಆಮೇಲೆ ನನ್ನನ್ನೇ ಬೈದುಕೊಂಡು ಒಂದನ್ನು ಎತ್ತಿಡುತ್ತೇನೆ. ಸಂಜೆ ಹೊತ್ತು ಕಿವಿ ಮೆಟ್ಟಿಲಿನ ಮೇಲೇ ಇರುತ್ತದೆ. ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದೆಯಲ್ಲ, ಎಷ್ಟು ಬೈದರೂ ಬಿಡಲಿಲ್ಲ. ಈಗ ಹಾರಿ ಬಾ, ಬೈಯುವುದಿಲ್ಲ.

ನಿನ್ನ ಜೊತೆ ಒಳಗಿರುವ ಹೆಣ್ಣುಮಕ್ಕಳಿಗೆಲ್ಲ ನನ್ನ ನೆನಪು ಹೇಳು. ಹೊಟ್ಟೆ ತುಂಬ ಉಣ್ಣು, ಬೆನ್ನು ನೆಟ್ಟಗಿಟ್ಟು ನಡೆ. ನೂರು ವರ್ಷ ಬಾಳು, ನೂರು ವರ್ಷವೂ ಅವರ ನಿದ್ದೆ ಕೆಡಿಸು.

ನಿನ್ನ
ಅಮ್ಮ

ಮರೆತಿದ್ದೆ: ಚೆನ್ನಾಗಿದ್ದೇನೆ ಎಂದು ಮೇಲೆ ಬರೆದೆನಲ್ಲ, ಅದು ಮುಕ್ಕಾಲು ನಿಜ. ಮೊನ್ನೆ ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದೆ. ಏಳಲಾಗಲಿಲ್ಲ. ಹೆಬ್ಬೆರಳು ಗುಂಡಿಯ ಮೇಲಿತ್ತು, ಆದರೆ ಕಣ್ಣು ಮೊದಲು ರಕ್ತ ಹುಡುಕಿತು. ಇರಲಿಲ್ಲ. ಒದ್ದೆ ನೆಲದ ಮೇಲೆ ಸುಮ್ಮನೆ ಬಿದ್ದಿದ್ದೆ. ಗಿರಣಿ ಮುಚ್ಚಿತು, ಮಾಲೀಕ ಮಣ್ಣಾದ, ಆದರೂ ಅವನು ನನ್ನ ಬೆರಳು ಹಿಡಿದುಕೊಂಡೇ ಇದ್ದ. ಥೂ ನಿನ್ನ ಎಂದು ಒತ್ತಿದೆ. ಕೆಳಗೆ ಗಂಟೆ, ಆಮೇಲೆ ಮೆಟ್ಟಿಲ ಮೇಲೆ ಎರಡೆರಡು ಹಾರುವ ಸಪ್ಪಳ. ನನ್ನ ಮಗಳು ಬಂದಳು, ಸಹಿ ಹಾಕಿ ಬಂದೇಬಿಟ್ಟಳು ಅಂದುಕೊಂಡೆ. ಆಗ ನನಗೆ ಸಿಟ್ಟು ಬರಲಿಲ್ಲ ಮಗಳೇ, ಇದನ್ನು ನಿನ್ನಿಂದ ಮುಚ್ಚಿಡಲಾರೆ. ಬಂದವಳು ಕತ್ತರಿ ಅಕ್ಕ, ಕೊರಳಲ್ಲಿ ಅಳತೆಪಟ್ಟಿ. ಹಿಂದೆ ದರ್ಜಿ, ಅವನ ಹಿಂದೆ ಅರ್ಧ ಹೊಲಿದ ತೋಳು ಹಾಕಿಕೊಂಡಿದ್ದ ಯಾರೋ ಗಿರಾಕಿ. ಮೂವರೂ ಎತ್ತಿದರು. ಮೂಳೆ ಮುರಿದಿಲ್ಲ, ಡಾಕ್ಟರಿಗೆ ತೋರಿಸಿಯಾಯಿತು. ಹಾಗಾಗಿ ನೀನು ತಿಳಿಯಬೇಕಾದದ್ದು ಇಷ್ಟೇ: ಬಿದ್ದೆ, ಒತ್ತಿದೆ, ಜನ ಬಂದರು. ನನ್ನ ಹೆಸರು ಹೇಳಿ ಸಹಿ ಹಾಕಬೇಡ. ಬಾಗಿಲಿಗೆ ಚಿಲಕ ಇಲ್ಲ. ನೀನು ಯಾವತ್ತು ಬಂದರೂ ತಟ್ಟಬೇಕಾಗಿಲ್ಲ.