ನಿಮ್ಮ ನಂಬರಿಗೆ ಇನ್ನೂ ಬರುತ್ತಿರುವ ನೋಟಿಸುಗಳು

ದೊಡ್ಡಪ್ಪ,

ನಿಮಗೆ ಬರೆಯುತ್ತಿರುವವಳು ನಾನೊಬ್ಬಳೇ ಅಲ್ಲ. ನೀವು ಹೋದ ಮೇಲೂ ತೆರಿಗೆ ಇಲಾಖೆಯ ಕಂಪ್ಯೂಟರ್ ಒಂದು ತಿಂಗಳೂ ತಪ್ಪಿಸದೆ ನಿಮಗೆ ಬರೆಯುತ್ತಿದೆ. ರಿಟರ್ನ್ ಸಲ್ಲಿಸಿ. ಇನ್ನೂ ಸಲ್ಲಿಸಿಲ್ಲ. ಸಲ್ಲಿಸದಿರಲು ಕಾರಣವೇನು, ತಿಳಿಸಿ. ನೀವು ತೆರಿಗೆ ಲೆಕ್ಕ ಬರೆದುಕೊಡುತ್ತಿದ್ದ ಕಕ್ಷಿದಾರರೆಲ್ಲ ಬಂದು ನಮ್ಮ ಹುಣಸೂರಿನ ಮನೆಯ ಜಗುಲಿಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋದರು. ಸುದ್ದಿ ಬಿಳಿಕೆರೆಗೆ ಮುಟ್ಟಿತು, ಕೆ.ಆರ್. ನಗರಕ್ಕೆ ಮುಟ್ಟಿತು. ಕಂಪ್ಯೂಟರಿಗೆ ಹೇಳಬೇಕಾದವರು ಯಾರು?

ನಿಮ್ಮ ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿದ ಸಂಜೆ ನಾನು ನಿಮ್ಮ ಫೋನನ್ನು ಆಫ್ ಮಾಡಲು ಹೋದೆ. ದೊಡ್ಡಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ದೇವರ ಗೂಡಿನ ಪಕ್ಕ ಚಾರ್ಜಿಗೆ ಹಾಕಿದರು. ಇವತ್ತಿಗೂ ಅಲ್ಲೇ ಇದೆ. ಅದು ಟಿಣ್ ಎಂದಾಗಲೆಲ್ಲ ಅಡಿಗೆಮನೆಯಿಂದ ಅವರು ತಲೆ ಎತ್ತುತ್ತಿದ್ದರು. "ಇನ್ನೂ ಕೇಳ್ತಾವ್ರೆ ನೋಡವ್ವ ನಿಮ್ ದೊಡ್ಡಪ್ಪನ್ನ," ಎಂದರು ಒಮ್ಮೆ. ಬ್ಯಾಂಕಿನದೋ ಸಿಮ್ಮಿನವರದೋ ಮೆಸೇಜು ಇರಬೇಕೆಂದುಕೊಂಡು ನಾನು ತೆರೆದು ನೋಡಲಿಲ್ಲ. ನಿಮ್ಮ ಜೊತೆ ನಾನೂ ಮಾಡುತ್ತಿದ್ದ ಕಚೇರಿಯ ಕೆಲಸವೆಲ್ಲ ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿದೆ, ಅದನ್ನು ನಾನು ಬಲ್ಲೆ ಎಂದು ನಂಬಿದ್ದೆ.

ಹೊಗೆಸೊಪ್ಪಿನ ಗಿಡ ಮೊಣಕಾಲೆತ್ತರ ಬಂದಿದ್ದಾಗ ಪಿರಿಯಾಪಟ್ಟಣದ ಸಿದ್ದರಾಜು ಬಂದ. ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ಸೊಪ್ಪು ಬೇಯಿಸಿ ಒಣಗಿಸಲು ಬಿಸಿಗಾಳಿ ಹರಿಸುವ ತಗಡಿನ ಕೊಳವೆ ಮಾಡುವ ನಿಮ್ಮ ಸಿದ್ದರಾಜು. ವರ್ಷಕ್ಕೆ ನಾಲ್ಕು ತಿಂಗಳು ಅವನ ಅಂಗಡಿಯಲ್ಲಿ ಮಾತು ಕೇಳಿಸುವುದಿಲ್ಲ, ಸುತ್ತಿಗೆ ಮಾತ್ರ. ಉಳಿದ ತಿಂಗಳು ಬೀಗ. ಜಗುಲಿಯ ಮೇಲೆ ಕೂರಲಿಲ್ಲ ಅವನು. ಮೈಸೂರಿನ ತಗಡಿನ ವ್ಯಾಪಾರಿ ಮಾಲು ಕೊಡಲು ಒಪ್ಪಲಿಲ್ಲವಂತೆ.

"ನಿನ್ ಜಿಎಸ್‌ಟಿ ನಂಬರು ರದ್ದಾಗ್ಬುಟ್ಟದೆ, ಬಿಲ್ಲು ಹಾಕಕ್ಕಾಗಲ್ಲ ಅಂದ ಕಣವ್ವ. ನಾನೇನ್ ತಪ್ಪು ಮಾಡಿವ್ನಿ ಅಂದೆ. ನಂಗೇನ್ ಗೊತ್ತು, ಕಂಪ್ಯೂಟರ್ ಹೇಳ್ತದೆ ಅಂದ. ಅದನ್ನಾದ್ರೂ ಕೇಳಿ ಹೇಳು ಅಂದ್ರೆ ನಗ್ತಾನೆ."

ಹುಡುಕಿದೆ. ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಸಿದ್ದರಾಜುವಿನ ಸುಗ್ಗಿಯ ತಿಂಗಳುಗಳಷ್ಟೇ ಇದ್ದವು. ವ್ಯಾಪಾರವಿಲ್ಲದ ತಿಂಗಳಲ್ಲೂ 'ವ್ಯಾಪಾರ ಇಲ್ಲ' ಎಂದು ಒಂದು ರಿಟರ್ನ್ ಕೊಡಬೇಕು. ಅದನ್ನು ಸಲ್ಲಿಸಿದವರು ಯಾರು? ದೊಡ್ಡಮ್ಮನ ಹತ್ತಿರ ಫೋನು ಕೇಳಿ ಪಡೆದು ತೆರೆದಾಗ ತಿಳಿಯಿತು. ಸಂಜೆ ಜಗುಲಿಯಲ್ಲಿ ಕಾಲು ಚಾಚಿ, ಕನ್ನಡಕವನ್ನು ಹಣೆಗೇರಿಸಿ, ಯಾರಿಗೋ ಶುಭಾಶಯ ಕಳಿಸುವವರಂತೆ ನೀವು ಒತ್ತುತ್ತಿದ್ದಿರಲ್ಲ, ಅದೇ ಅದು. ಅವನ ಖಾತೆ ನಿಮ್ಮ ನಂಬರಿನಲ್ಲಿತ್ತು, ಹಾಗಾಗಿ ಈ ಫೋನಿನಿಂದ ಇಲಾಖೆಗೆ ಮೆಸೇಜು ಕಳಿಸಿದರೆ ಆ ರಿಟರ್ನ್ ಮುಗಿಯುತ್ತಿತ್ತು. ಅವನಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಅಂಗಡಿಗೆ ಬೀಗ ಹಾಕಿದರೆ ತೆರಿಗೆಗೂ ಬೀಗ ಎಂದು ಅವನು ತಿಳಿದಿದ್ದ. ನೀವು ಹೋದ ತಿಂಗಳಿಂದ ಆ ಮೆಸೇಜು ಹೋಗಲಿಲ್ಲ. ಕಂಪ್ಯೂಟರ್ ನೆನಪಿಸಿತು, ಎಚ್ಚರಿಸಿತು, ಉತ್ತರ ಕೇಳಿತು, ಕಾದಿತು, ಕೊನೆಗೆ ರದ್ದು ಮಾಡಿತು. ಎಲ್ಲವನ್ನೂ ನಿಮಗೇ ತಿಳಿಸಿತು. ದೇವರ ಗೂಡಿನ ಪಕ್ಕ ಎಲ್ಲವೂ ಟಿಣ್ ಎಂದವು.

ಜಿಎಸ್‌ಟಿ ಹೊಸದಾಗಿ ಬಂದ ವರ್ಷ ನಾವಿಬ್ಬರೂ ಇದೇ ವಿಷಯಕ್ಕೆ ಮಾತು ಬಿಟ್ಟಿದ್ದು ನೆನಪಿದೆಯೆ? ಕಕ್ಷಿದಾರರ ಅರ್ಜಿಯಲ್ಲಿ ಅವರ ನಂಬರನ್ನೇ ಹಾಕಬೇಕು ಎಂದೆ ನಾನು. ನೀವು ಸಿದ್ದರಾಜುವಿನ ಅರ್ಜಿಯಲ್ಲಿ ನಿಮ್ಮ ನಂಬರನ್ನು ತುಂಬುತ್ತ, ತಲೆ ಎತ್ತದೆ ಹೇಳಿದಿರಿ: "ಇಂಗ್ಲಿಷಲ್ಲಿ ಒಂದು ಮೆಸೇಜ್ ಬಂದ್ರೆ ಅವನಿಗೆ ಅನ್ನ ಸೇರಲ್ಲ ಕಣಮ್ಮ. ಆ ಎದ್ರಿಕೆ ನನ್ ಜೇಬಲ್ಲಿರ್ಲಿ ಬುಡು." ನಾನು ಮೇಜಿನ ಮೇಲಿದ್ದ ಅನುವಾದದ ಕಾದಂಬರಿಯನ್ನು ತೆಗೆದುಕೊಂಡು ಮೂಲೆಗೆ ಹೋದೆ. ಸಂಜೆ ನೀವೇ ರಾಜಿಗೆ ಬಂದು, ನನ್ನ ಕಾದಂಬರಿಯೊಳಗೆ ಇಣುಕಿ, "ಇವರು ಯಾವ ದೇಶದವರಮ್ಮ? ರಿಟರ್ನ್ ಕೊಡ್ತಾರೋ ಇಲ್ವೋ?" ಎಂದಿರಿ. ನಕ್ಕೆ. ಆದರೆ ಆ ಜೇಬು ಒಂದು ದಿನ ಇಲ್ಲವಾಗುತ್ತದೆ ಎನ್ನುವುದು ನಿಮಗೆ ಒಮ್ಮೆಯಾದರೂ... ಇರಲಿ.

ಸಿದ್ದರಾಜುವಿನ ಖಾತೆ ತೆರೆಯಲು ಫೋನಿಗೆ ಬರುವ ಒಟಿಪಿ ಗುಪ್ತಸಂಖ್ಯೆ ಬೇಕಿತ್ತು. ಅದು ಬಂದದ್ದೂ ನಿಮಗೇ. ದೊಡ್ಡಮ್ಮ ಫೋನು ಹಿಡಿದು ಒಳಕೋಣೆಯಿಂದ ಒಂದೊಂದೇ ಅಂಕಿ ಕೂಗಿದರು, ನಾನು ಹೊರಗೆ ಒತ್ತಿದೆ. ಖಾತೆಯ ಬಾಗಿಲು ತೆರೆಯಿತು. ತೀರಿಹೋದವರ ಕೈಯಿಂದ ಬೀಗದ ಕೈ ತೆಗೆದುಕೊಂಡಂತೆ ಅನಿಸಿತು. ಬಾಕಿ ಉಳಿದ ರಿಟರ್ನುಗಳನ್ನೆಲ್ಲ ಸಲ್ಲಿಸಿ, ರದ್ದತಿ ಹಿಂಪಡೆಯಲು ಅರ್ಜಿ ಹಾಕಬೇಕಿತ್ತು.

ನೀವು ನೋಟಿಸಿಗೆ ಒಂದು ಉತ್ತರ ಬರೆಯಲು ಎರಡು ಲೋಟ ಕಾಫಿ ಕುಡಿಯುತ್ತಿದ್ದಿರಿ. ಈಗ ನನ್ನ ಹತ್ತಿರ ಅದನ್ನು ತಾನೇ ಬರೆಯುವ ತಂತ್ರಾಂಶವಿದೆ. ಬಿಲ್ಲುಗಳನ್ನು ತಾನೇ ಓದಿ ಹೊಂದಿಸುತ್ತದೆ. ನಿಮಗೂ ನನಗೂ ಒಂದು ವಾರ ಹಿಡಿಯುತ್ತಿದ್ದ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಅದು ಉಪಕಾರವಲ್ಲ ಎಂದು ನಾನು ಹೇಳಲಾರೆ. ಸಿದ್ದರಾಜುವಿನ ಅರ್ಜಿಗೂ ಕಾರಣ ಬರೆದುಕೊಟ್ಟಿತು. 'ನಮ್ಮ ಗೌರವಾನ್ವಿತ ಸಲಹೆಗಾರರ ಅಗಲಿಕೆಯಿಂದ ನಾವು ತೀವ್ರ ದುಃಖಿತರಾಗಿದ್ದು' ಎಂದು ಶುದ್ಧ ಇಂಗ್ಲಿಷಿನಲ್ಲಿತ್ತು. ಆ ವಾಕ್ಯವನ್ನು ಅಳಿಸಿ ನಾನೇ ಬರೆದೆ: ಅವರು ತೀರಿಕೊಂಡರು, ಈ ಕೆಲಸ ಅವರೊಬ್ಬರಿಗೇ ತಿಳಿದಿತ್ತು. ಅಲ್ಲಿ ಅದನ್ನು ಓದುವುದು ಮನುಷ್ಯರೋ ಇನ್ನೊಂದು ತಂತ್ರಾಂಶವೋ ನನಗೆ ಗೊತ್ತಿಲ್ಲ. ಯಂತ್ರ ಬರೆದದ್ದನ್ನು ಯಂತ್ರವೇ ಓದುವುದಾದರೆ, ದೊಡ್ಡಪ್ಪ, ನಡುವೆ ನನ್ನ ಕೆಲಸವೇನು?

ಮೈಸೂರಿನ ತೆರಿಗೆ ಕಚೇರಿಗೆ ನಾನೂ ಸಿದ್ದರಾಜುವೂ ಹೋದೆವು. ನೀವಿದ್ದಾಗ ಅಲ್ಲಿ ಕದದ ಬಳಿ ಕೆಮ್ಮಿದರೆ ಸಾಕಿತ್ತು, ಒಳಗಿಂದ ಕರೆಯುತ್ತಿದ್ದರು. ಈಗಿನ ಅಧಿಕಾರಿ ಕೆಟ್ಟವರಲ್ಲ. ನಮ್ಮನ್ನು ಕೂರಿಸಿ ಪೂರ್ತಿ ಕೇಳಿಸಿಕೊಂಡರು. "ನೋಟಿಸ್ ನಾನು ಕಳಿಸಿದ್ದಲ್ಲಮ್ಮ, ಸಿಸ್ಟಮ್ಮೇ ಕಳಿಸಿರೋದು. ಅರ್ಜಿ ನನ್ನ ಸರದಿಗೆ ಬಂದಾಗ ನೋಡ್ತೀನಿ," ಎಂದರು. ಸಿದ್ದರಾಜು ಕೊಳವೆಯ ಅಳತೆಯನ್ನು ಎರಡು ಕೈ ಚಾಚಿ ತೋರಿಸಿ, ಸೊಪ್ಪು ಗಿಡದಲ್ಲಿ ಕಾಯುವುದಿಲ್ಲ ಎಂದು ವಿವರಿಸಿದ. ಅವರು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಂಗಾರೆ ಬೈಯೋದು ಯಾರ್ನ?"

ಅದೇ ದಿನ ಅವನ ಖಾತೆಯಲ್ಲಿ ನಂಬರು ಬದಲಿಸಲು ಕೊಟ್ಟೆವು. "ನಿಮ್ದೇ ಹಾಕ್ಬುಡಿ," ಎಂದ. ನನ್ನ ಬೆರಳು ನಿಂತಿತು. ನನ್ನದನ್ನು ಹಾಕಿದರೆ ನಾನು ನೀವಾಗುತ್ತಿದ್ದೆ. ಅದು ನನಗೆ ಇಷ್ಟವೇ. ಆದರೆ ನಾನು ಹೋದ ಮೇಲೆ? ಅವನದನ್ನೇ ಹಾಕಿದೆ. ಅವನ ಮುಖ ಸಣ್ಣದಾಯಿತು.

ಗಿಡದಿಂದ ಸೊಪ್ಪು ಮುರಿಯುವುದು ಶುರುವಾಯಿತು. ಬೇಯಿಸುವ ಹೊಗೆ ಏಳತೊಡಗಿತು. ಕೊಳವೆಗೆ ಹೇಳಿದ್ದವರು ಎಷ್ಟು ದಿನ ಕಾದಾರು? ಕೆಲವರು ಬೇರೆ ಕಡೆ ಕೊಂಡರು. ನಾನು ದಿನವೂ ಖಾತೆ ತೆರೆದು ನೋಡುತ್ತಿದ್ದೆ. ಒಂದು ದಿನ ಮಾತ್ರ ಕೆ.ಆರ್. ನಗರಕ್ಕೆ ಹೋಗಬೇಕಾಗಿ ಬಂದು ನೋಡಲಾಗಲಿಲ್ಲ. ಸಂಜೆ ವಾಪಸು ಬಂದಾಗ ಸಿದ್ದರಾಜು ನಮ್ಮ ಜಗುಲಿಯಲ್ಲಿ ಕೂತಿದ್ದ. ಫೋನನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ. ಬೆಳಿಗ್ಗೆಯೇ ಏನೋ ಬಂದಿದೆಯಂತೆ. ತೆರೆಯಲು ಧೈರ್ಯ ಬಾರದೆ ಅಂಗಡಿ ಮುಚ್ಚಿ ಬಸ್ಸು ಹತ್ತಿದ್ದ. ದೊಡ್ಡಮ್ಮ ಹಾಕಿದ್ದ ರೊಟ್ಟಿ ಮುಟ್ಟದೆ ತಟ್ಟೆಯಲ್ಲೇ ಇತ್ತು.

"ನೀವೇ ಓದ್ಬುಡಿ ಕಣವ್ವ. ಕೆಟ್ಟುದ್ದಾದ್ರೆ ಮೆತ್ತಗೆ ಹೇಳಿ."

ರದ್ದತಿ ಹಿಂಪಡೆಯಲಾಗಿದೆ ಎಂದಿತ್ತು. ಒಳ್ಳೆಯ ಸುದ್ದಿಯನ್ನು ಅವನು ಇಡೀ ದಿನ ಹೆಣದಂತೆ ಹೊತ್ತು ತಿರುಗಿದ್ದ. ಎರಡು ಸಲ ಓದಿಸಿಕೊಂಡ. ಆಮೇಲೆ ರೊಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅರ್ಧ ಸುಗ್ಗಿ ಕೈಬಿಟ್ಟಿತ್ತು, ಉಳಿದರ್ಧ ಸಿಕ್ಕಿತು. ನೀವು ಹೇಳಿದ್ದು ನಿಜವಾಗಿತ್ತು, ದೊಡ್ಡಪ್ಪ. ನಾನು ಹೇಳಿದ್ದೂ ಸುಳ್ಳಾಗಿರಲಿಲ್ಲ. ಈಗ ಇಬ್ಬರ ಮಾತನ್ನೂ ಇಟ್ಟುಕೊಂಡಿದ್ದೇನೆ: ಎಲ್ಲ ಕಕ್ಷಿದಾರರ ಖಾತೆಯಲ್ಲಿ ಅವರವರ ನಂಬರು, ಪ್ರತಿ ತಿಂಗಳು ಅವರಿಗೆ ನನ್ನದೊಂದು ಕರೆ.

ಹೀಗೆ ಒಬ್ಬೊಬ್ಬರ ಹೆಸರೂ ನಿಮ್ಮ ನಂಬರಿನಿಂದ ಇಳಿಯುತ್ತ ಬಂತು. ಫೋನು ಮೌನವಾಯಿತು. ಮೊನ್ನೆ ಅಕ್ಕಿ ಆರಿಸುತ್ತ ದೊಡ್ಡಮ್ಮ ಕೇಳಿದರು, ಈಗ ಯಾಕೆ ಸದ್ದೇ ಇಲ್ಲ ಎಂದು. ಇನ್ನು ಮುಚ್ಚಿಡಲಾಗಲಿಲ್ಲ. ಕೇಳುತ್ತಿದ್ದವರು ಜನ ಅಲ್ಲ, ಕಂಪ್ಯೂಟರ್ ಎಂದೆ. ಅವರು ಮೊರದಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಬುಡವ್ವ. ಜನ ಆಗಿದ್ರೆ ಮಾತಾಡ್ತಿರ್ನಿಲ್ವಾ. ಯಾವ್ದೋ ಒಂದು, ನಿಮ್ ದೊಡ್ಡಪ್ಪ ಇನ್ನೂ ಅವ್ರೆ ಅಂದ್ಕೊಂಡಿತ್ತಲ್ಲ. ಅಷ್ಟೇಯ."

ನಿನ್ನೆ ಮತ್ತೆ ಸದ್ದಾಯಿತು. ಇಬ್ಬರೂ ಓಡಿದೆವು. ನಿಮ್ಮದೇ ಆದಾಯ ತೆರಿಗೆಯ ರಿಟರ್ನ್ ಕೊಡಿ ಎಂದು ಕಂಪ್ಯೂಟರ್ ಕೇಳಿತ್ತು. ಎಲ್ಲರದನ್ನೂ ಸರಿಪಡಿಸಿ ನಾನು ಮುಟ್ಟದೆ ಉಳಿಸಿದ್ದು ಅದೊಂದೇ. ಅದನ್ನು ಕೊಡಬೇಕಾದರೆ ವಾರಸುದಾರರು ಮೊದಲು ನಿಮ್ಮ ಮರಣಪತ್ರ ಸೇರಿಸಿ, ನೀವು ಇಲ್ಲ ಎಂದು ಒತ್ತಬೇಕು. ನಾಳೆ ದೊಡ್ಡಮ್ಮನೇ ಒತ್ತುತ್ತಾರಂತೆ. ನೀವೇ ಯಾಕೆ ಎಂದು ಕೇಳಿದ್ದಕ್ಕೆ, "ಯಾರಾರ ಹೇಳ್ಬೇಕಲ್ಲವ್ವ ಆ ಕಂಪ್ಯೂಟ್ರಿಗೆ," ಎಂದರು. ಆಮೇಲೆ ಬರುವ ಉತ್ತರ ದೊಡ್ಡಮ್ಮನ ನಂಬರಿಗೆ, ಅವರ ಹೆಸರಿಗೆ ಬರುತ್ತದೆ. ಅದು ಇಂಗ್ಲಿಷಿನಲ್ಲಿರುತ್ತದೆ. ನಾನು ಪಕ್ಕದಲ್ಲೇ ಕೂತು, ಮೆತ್ತಗೆ ಓದಿ ಹೇಳುತ್ತೇನೆ.